ನಮ್ಮ ಮಾವ ಕಸ್ತ್ರಾತೊ ಅಲ್ಲ

ರಾಯಚೂರು

ಇಟಲಿಗೆ ಹೋಗಿಬಂದವರೆಲ್ಲ ಅಲ್ಲಿನ ಬೆಳಕಿನಿಂದ ಬರೆಯಲು ಶುರುಮಾಡುತ್ತಾರೆ. ನಾನು ರಾಯಚೂರಿನ ಬಸ್ ಸ್ಟ್ಯಾಂಡ್ ಎದುರಿನ ಆನ್‌ಲೈನ್ ಅಂಗಡಿಯಿಂದ ಶುರುಮಾಡಬೇಕು. ಯಾಕೆಂದರೆ ಈ ಪ್ರವಾಸವನ್ನು ಹುಟ್ಟಿಸಿದ್ದೂ ಕೆಡಿಸಿದ್ದೂ ಒಂದೇ ಸುಳ್ಳು, ಅದನ್ನು ನಾನು ಟೈಪು ಮಾಡಿದ್ದು ಅಲ್ಲಿ ಕೂತು.

ಇಟಲಿಯ ಒಂದು ಬೆಟ್ಟದ ಊರಿನಲ್ಲಿ, ಹೆಚ್ಚುಕಡಿಮೆ ಮುನ್ನೂರು ವರ್ಷದ ಹಿಂದೆ ಹೆಸರು ಮಾಡಿದ ತಮ್ಮೂರಿನ ಗಾಯಕನ ಹೆಸರಲ್ಲಿ ಪ್ರತಿವರ್ಷ ಉತ್ಸವ ನಡೆಸುತ್ತಾರೆ. ಅವನ ರಂಗನಾಮ ರೊಂದಿನೆಲ್ಲೊ. ಅವನು ಕಸ್ತ್ರಾತೊ. ಅಂದರೆ, ದನಿ ಒಡೆಯುವ ವಯಸ್ಸಿಗೆ ಮುಂಚೆಯೇ ವೃಷಣ ತೆಗೆಸಿ, ಹುಡುಗನ ಕೊರಳನ್ನು ಹಾಗೇ ಉಳಿಸಿಟ್ಟ ಗಂಡಸು. ಆ ಕಾಲದ ಇಟಲಿಯ ಒಪೆರಾ ರಂಗದ ಮೇಲೆ, ಎಂದರೆ ಮಾತಿಗೆ ಬದಲು ಹಾಡೇ ಇರುವ ನಾಟಕಗಳಲ್ಲಿ, ಇಂಥವರೇ ದೊರೆಗಳು. ಈ ವರ್ಷ ಉತ್ಸವದವರು ಬೇರೆ ದೇಶಗಳಿಂದಲೂ ಎತ್ತರದ ದನಿಯ ಗಂಡಸರನ್ನು ಕರೆದಿದ್ದರು. ಯರಗೇರಾದ ಕ್ಯಾಂಪಸ್ಸಿನಲ್ಲಿ ಎಂ.ಎ. ಓದುತ್ತಿರುವ ನನ್ನ ಕಣ್ಣಿಗೆ ಆ ಪ್ರಕಟಣೆ ಬಿತ್ತು. ತಕ್ಷಣ ನೆನಪಾದವನು ನನ್ನ ಅವ್ವನ ಅಣ್ಣ, ಗುಂಜಹಳ್ಳಿಯ ತಿಮ್ಮಪ್ಪ ಮಾವ. ಕಸುಬಿನಿಂದ ಕುರಿ ಕಾಯುವವನು. ನಲವತ್ತು ವರ್ಷದಿಂದ ಬಯಲಾಟದಲ್ಲಿ ರಾಣಿಯ ಪಾತ್ರ ಹಾಕುತ್ತಾನೆ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಅವನು ಸೆರಗು ಹೊದ್ದು ರಂಗಕ್ಕೆ ಬಂದರೆ ಹೆಂಗಸರು ತಮ್ಮ ಸೆರಗು ಸರಿಮಾಡಿಕೊಳ್ಳುತ್ತಾರೆ.

ಅರ್ಜಿಯಲ್ಲೊಂದು ಪ್ರಶ್ನೆ: ಕಲಾವಿದನ ಎತ್ತರದ ದನಿ ಎಲ್ಲಿಂದ ಬಂತು? ಹುಟ್ಟಿನಿಂದಲೇ? ಅಭ್ಯಾಸದಿಂದಲೇ? ಶಸ್ತ್ರಕ್ರಿಯೆಯಿಂದಲೇ? ಎದುರಿಗೆ ಮೂರು ಚೌಕ. ಸತ್ಯ ಎರಡನೇ ಚೌಕದಲ್ಲಿತ್ತು. ನಾನು ಮೂರನೆಯದಕ್ಕೆ ಗುರುತು ಹಾಕಿದೆ.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಅಲ್ಲಿ ಚೀಟಿ ಎತ್ತುತ್ತಾರೆ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಮಾನ್ವಿಯಲ್ಲಿ ಒಂದು ಶನಿವಾರ ಮೊಬೈಲು ಮನುಷ್ಯಕುಲವನ್ನು ಉದ್ಧಾರ ಮಾಡಿತು ಎಂದು ಸಾಧಿಸಿ ಕಪ್ಪು ಗೆದ್ದೆ, ಮುಂದಿನ ಶನಿವಾರ ರಾಯಚೂರಿನಲ್ಲಿ ಅದೇ ಮೊಬೈಲು ಮನುಷ್ಯಕುಲವನ್ನು ಹಾಳುಮಾಡಿತು ಎಂದು ಸಾಧಿಸಿ ಇನ್ನೊಂದು ಗೆದ್ದೆ. ಸಭೆಯಲ್ಲಿ ಆಡಿದ ಮಾತು ಸಭೆ ಮುಗಿದ ಮೇಲೆ ಬದುಕಿರುವುದಿಲ್ಲ ಎಂಬುದು ನಮ್ಮ ಜಾತಿಯವರ ನಂಬಿಕೆ. ಗೆಲ್ಲುವ ಚೌಕ ಮೂರನೆಯದು ಎಂದು ಗೊತ್ತಾಯಿತು, ಒತ್ತಿದೆ. ಕೆಳಗೆ ಸಮರ್ಥನೆ ಕೇಳಿದ್ದರು. ಭಾರತದಲ್ಲಿಯೂ ಗುಟ್ಟಾಗಿ ಉಳಿದುಬಂದ ಇಂಥದ್ದೇ ಪರಂಪರೆ ಇದೆ ಎಂದು ಐದು ಅಂಶಗಳಲ್ಲಿ ಬರೆದೆ. ಐದೂ ನನ್ನ ತಲೆಯಲ್ಲಿ ಹುಟ್ಟಿದವು. ಒಬ್ಬ ಗಾಯಕ, ಜೊತೆಗೊಬ್ಬರು, ಇಬ್ಬರೂ ಬನ್ನಿ ಎಂದು ಉತ್ತರ ಬಂತು. ಮಾವನಿಗೆ ನಾನು ಹೇಳಿದ್ದು ಇಷ್ಟೇ: "ನಿನ್ನ ಹಾಡು ಕೇಳಾಕ ಕರದಾರ."

ರೋಮ್

ಬಯಲಾಟದ ರಾಣಿಗೆ ಕಟ್ಟಿಗೆಯ ಆಭರಣಗಳು. ಕಿರೀಟ, ಎದೆಗಟ್ಟು, ಎರಡು ಭುಜಕ್ಕೂ ಕನ್ನಡಿ ಚೂರು ಹಚ್ಚಿದ ಭುಜಕೀರ್ತಿ. ಪೆಟ್ಟಿಗೆಯ ತೂಕ ಮಿತಿ ಮೀರಿದ್ದರಿಂದ ಮಾವ ಹೈದರಾಬಾದಿನಲ್ಲೇ ಭುಜಕೀರ್ತಿಗಳನ್ನು ತೆಗೆದು ಅಂಗಿಯ ಮೇಲೆ ಕಟ್ಟಿಕೊಂಡಿದ್ದ. ಹಾಗೆಯೇ ವಿಮಾನದಲ್ಲಿ ಕೂತ, ಹಾಗೆಯೇ ರೋಮಿನಲ್ಲಿ ಇಳಿದ. ಧೋತರ, ಅಂಗಿ, ತಲೆಗೆ ರುಮಾಲು, ಭುಜದ ಮೇಲೆ ಎರಡು ಮಿಂಚುವ ರೆಕ್ಕೆ. ಪಾಸ್‌ಪೋರ್ಟು ನೋಡುವವನು ಮಾವನ ಮುಖ ನೋಡಿದ, ರೆಕ್ಕೆ ನೋಡಿದ, ಮತ್ತೆ ಮುಖ ನೋಡಿದ.

"ಏನಂತಾನ ಬೇ ಇವ?" ಮಾವ ಕೇಳಿದ.

"ಇದು ಏನಂತ ಕೇಳಾಕತ್ತಾನ."

"ರಾಣಿದು ಅಂತ ಹೇಳು."

ಹೇಳಿದೆ. ಅವನು ಇನ್ನೊಬ್ಬನನ್ನು ಕರೆದ, ಆ ಇನ್ನೊಬ್ಬ ಒಂದು ನಾಯಿಯನ್ನು ಕರೆತಂದ. ನಾಯಿ ಭುಜಕೀರ್ತಿಯನ್ನು ಮೂಸಿ ಸೀನಿತು. ಹಳೇ ಬಣ್ಣದ ವಾಸನೆ. ಸರ್ಕಾರದ ಸಂಬಳ ತಿನ್ನುವ ನಾಯಿ ಸೀನಿದ್ದೇ ಪುರಾವೆಯೆಂಬಂತೆ ಗಂಭೀರವಾಗಿ ಏನೋ ಬರೆದುಕೊಂಡು ಬಿಟ್ಟರು. ನಮ್ಮ ಕಡೆಯ ಪೊಲೀಸರನ್ನು ಬಯ್ಯುವವರು ಒಮ್ಮೆ ರೋಮಿಗೆ ಹೋಗಿಬರಬೇಕು. ದಡ್ಡತನ ಎಲ್ಲ ಕಡೆ ಒಂದೇ, ಅಲ್ಲಿ ಇಸ್ತ್ರಿ ಚೆನ್ನಾಗಿರುತ್ತದೆ ಅಷ್ಟೇ.

ಬೆಟ್ಟದ ಊರು, ಮೊದಲ ದಿನ

ಊರು ಮಾನ್ವಿಗಿಂತ ಚಿಕ್ಕದು, ಗರ್ವ ಮಾತ್ರ ದಿಲ್ಲಿಯದು. ಎಲ್ಲರೂ ನಿಂತೇ ಕಾಫಿ ಕುಡಿಯುತ್ತಾರೆ, ಒಂದು ಗುಟುಕು ಕಾಫಿಗೆ ಅರ್ಧ ಗಂಟೆ ಮಾತಾಡುತ್ತಾರೆ. ಮಧ್ಯಾಹ್ನ ಒಂದಕ್ಕೆ ಇಡೀ ಊರು ಬಾಗಿಲು ಹಾಕಿ ಮಲಗುತ್ತದೆ. ಇದನ್ನೇ ನಾವು ಮಾಡಿದರೆ ಸೋಮಾರಿಗಳು, ಅವರು ಮಾಡಿದರೆ ಸಂಸ್ಕೃತಿ. ಬೇಕರಿಯಲ್ಲಿ ಹಕ್ಕಿಯ ಆಕಾರದ ಬಿಸ್ಕತ್ತು ಮಾರುತ್ತಾರೆ, ರೊಂದಿನೆಲ್ಲೊ ಎಂದರೆ ಅವರ ಮಾತಲ್ಲಿ ಒಂದು ಬಗೆಯ ಪುಟ್ಟ ಹಕ್ಕಿಯಂತೆ. ಒಂದು ಮಗುವಿಗೆ ಆದದ್ದನ್ನು ನೆನೆಯಲು ಊರವರು ಕಂಡುಕೊಂಡ ದಾರಿ, ಸಕ್ಕರೆ ಹಚ್ಚಿದ ಬಿಸ್ಕತ್ತು.

ನಮ್ಮ ಜೊತೆಗೆ ಉತ್ಸವದವರು ಲೂಚಿಯಾ ಎಂಬ ಹುಡುಗಿಯನ್ನು ಬಿಟ್ಟಿದ್ದರು. ನಾನು ಕನ್ನಡದಿಂದ ಇಂಗ್ಲಿಷಿಗೆ, ಅವಳು ಇಂಗ್ಲಿಷಿನಿಂದ ಇಟಾಲಿಯನ್ನಿಗೆ. ಅವಳು ಮಾವನನ್ನು ನೋಡುವ ರೀತಿ ನನಗೆ ಸರಿಬರಲಿಲ್ಲ. ಕುರ್ಚಿ ಎಳೆದುಕೊಡುತ್ತಾಳೆ, ಮೆಟ್ಟಿಲಲ್ಲಿ ಕೈ ಹಿಡಿಯುತ್ತಾಳೆ. ದಿನಕ್ಕೆ ಹತ್ತು ಮೈಲಿ ಕುರಿ ಹಿಂದೆ ನಡೆಯುವವನಿಗೆ ಕೈ ಹಿಡಿಯಬೇಕೆ? ಹಾದಿಯಲ್ಲಿ ಒಬ್ಬ ಮುದುಕಿ ಮಾವನ ಗಲ್ಲ ಸವರಿ ಕಣ್ಣೀರು ಹಾಕಿದಳು. ಚರ್ಚಿನ ಪಾದ್ರಿ ತಲೆಯ ಮೇಲೆ ಕೈಯಿಟ್ಟ.

"ಭಾಳ ಒಳ್ಳೇ ಮಂದಿ," ಅಂದ ಮಾವ. "ಹಾಡು ಕೇಳೂಕಿಂತ ಮೊದಲ ಅಳತಾರ."

ಕೋಣೆಗೆ ಬಂದು ಉತ್ಸವದ ಪುಸ್ತಿಕೆ ತೆರೆದೆ. ಮೂರನೇ ಪುಟದಲ್ಲಿ ರಾಣಿಯ ವೇಷದ ಮಾವ. ಕೆಳಗಿನ ಸಾಲನ್ನು ಫೋನಿನಲ್ಲಿ ಅನುವಾದಿಸಿದೆ: "ಭಾರತದ ಕೊನೆಯ ಕಸ್ತ್ರಾತೊ." ಅದರ ಕೆಳಗೆ ನನ್ನ ಐದು ಅಂಶಗಳು, ಒಂದೂ ಬಿಡದೆ.

ಗಾಯಕನ ಮನೆ

ಎರಡನೇ ದಿನ ಬೆಳಗ್ಗೆ ರೊಂದಿನೆಲ್ಲೊ ಹುಟ್ಟಿದ ಮನೆಗೆ ಹೋದೆವು. ಈಗ ಅದು ವಸ್ತುಸಂಗ್ರಹಾಲಯ. ಗೋಡೆಯ ತುಂಬ ಅವನ ಚಿತ್ರಗಳು: ಉದ್ದ ಕೈಕಾಲು, ಪಾತ್ರೆಯಂಥ ಎದೆಗೂಡು, ಮೀಸೆ ಮೂಡದ ಮುಖ, ತಲೆಯ ಮೇಲೆ ಮೂರು ಮೊಳದ ಗರಿ.

ಲೂಚಿಯಾ ಅವನ ಕಥೆ ಹೇಳಿದಳು. ಬಡವರ ಮಗ. ಚರ್ಚಿನಲ್ಲಿ ಹಾಡುತ್ತಿದ್ದ. ಎಂಟನೇ ವಯಸ್ಸಿನಲ್ಲಿ ಆ ಘಟನೆ. ಆಮೇಲೆ ನೇಪಲ್ಸಿನ ಸಂಗೀತ ಶಾಲೆ, ಬೆಳಗಿನಿಂದ ಸಂಜೆಯ ತನಕ ಕಠಿಣ ಸಾಧನೆ, ಮುಖ ಸೊಟ್ಟ ಮಾಡದೆ ಹಾಡುವುದಕ್ಕೆ ಕನ್ನಡಿಯ ಮುಂದೆ ಅಭ್ಯಾಸ. ಹದಿನೇಳಕ್ಕೆ ರೋಮಿನಲ್ಲಿ ಮೊದಲ ಪಾತ್ರ, ಅದೂ ಹೆಣ್ಣಿನ ಪಾತ್ರ. ಯಾಕೆಂದರೆ ಧರ್ಮಗುರುಗಳ ಆಳ್ವಿಕೆಯಿದ್ದ ರೋಮಿನಲ್ಲಿ ಹೆಂಗಸರು ರಂಗ ಹತ್ತುವಂತಿರಲಿಲ್ಲ. ಆಮೇಲೆ ಅವನು ಹಾಡಿದ್ದೆಲ್ಲ ವೀರರ ಪಾತ್ರ. ಚಕ್ರವರ್ತಿ, ಸೇನಾಪತಿ, ದೇಶ ಗೆದ್ದವನು, ಎಲ್ಲರೂ ಹೆಣ್ಣುಕೊರಳಿನಲ್ಲಿ. ಕಥೆ ಯಾವುದೇ ಇರಲಿ, ಅವನ ಪ್ರವೇಶ ಗುಡ್ಡದ ಮೇಲಿಂದಲೇ ಆಗಬೇಕು ಎಂಬ ಹಟ. ಸಮುದ್ರದ ಕಥೆಯಾದರೂ ರಂಗದ ಮೇಲೊಂದು ಗುಡ್ಡ ಕಟ್ಟುತ್ತಿದ್ದರಂತೆ. ಅವನಿಗೊಂದು ಮೆಚ್ಚಿನ ಹಾಡು, ಅದನ್ನು ಊರಿಂದೂರಿಗೆ ಹೊತ್ತು ಎಲ್ಲ ನಾಟಕಕ್ಕೂ ತುರುಕುತ್ತಿದ್ದ. ಬೇರೆಯವರು ಹಾಡುವಾಗ ರಂಗದ ಮೇಲೇ ನಿಂತು ಕಿತ್ತಳೆ ಸುಲಿದು ತಿನ್ನುತ್ತಿದ್ದ. ಒಮ್ಮೆ ಕಹಳೆ ಊದುವವನ ಜೊತೆ ಪಂದ್ಯ ಕಟ್ಟಿ, ಒಂದೇ ಉಸಿರಿನಲ್ಲಿ ಅವನನ್ನು ಸೋಲಿಸಿದ. ಶ್ರೀಮಂತರ ಹೆಂಡಂದಿರು ಅವನ ಚಿತ್ರವನ್ನು ಕೊರಳಿಗೆ ಕಟ್ಟಿಕೊಂಡರು. ಲಂಡನ್ನು, ಮ್ಯಾಡ್ರಿಡ್ಡು, ಎಲ್ಲ ಕಡೆ ಕುದುರೆಗಾಡಿ.

"ಮದುವೆ?" ನಾನು ಕೇಳಿದೆ.

ಒಬ್ಬಳನ್ನು ಬಯಸಿದ್ದ. ಮಕ್ಕಳಾಗದವನಿಗೆ ಮದುವೆ ಇಲ್ಲ ಎಂದು ಚರ್ಚು ಅನುಮತಿ ಕೊಡಲಿಲ್ಲ.

ಇದನ್ನೆಲ್ಲ ಲೂಚಿಯಾ ಆರತಿ ತಟ್ಟೆ ಹಿಡಿದವಳ ದನಿಯಲ್ಲಿ ಹೇಳಿದಳು. ಸಭೆಯಾಗಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆ. ಈ ಶಸ್ತ್ರಕ್ರಿಯೆ ಮಾಡಿಸಿದವರಿಗೆ ಬಹಿಷ್ಕಾರ ಎಂದು ಹೇಳಿದ್ದು ಯಾರು? ಚರ್ಚು. ಕತ್ತರಿಸಿಕೊಂಡು ಬಂದ ಹುಡುಗರಿಗೆ ತನ್ನ ಗಾಯನಮಂಡಳಿಯಲ್ಲಿ ಜಾಗ ಕೊಟ್ಟಿದ್ದು ಯಾರು? ಚರ್ಚು. ಹೆಂಗಸು ಹಾಡಿದರೆ ಪಾಪ, ಹಾಗಾಗಿ ಹೆಂಗಸಿನ ಕೊರಳಿಗಾಗಿ ಗಂಡುಮಗುವನ್ನು ಕೊಯ್ಯಿರಿ. ಕೊಯ್ದವನ ಕೈ ಪಾಪದ್ದು, ಹಾಡಿನ ಪುಣ್ಯ ನಮ್ಮದು. ಕೊನೆಗೆ ಆ ಹುಡುಗ ಬೆಳೆದು ಒಂದು ಮನೆ ಕಟ್ಟಿಕೊಳ್ಳುತ್ತೇನೆಂದರೆ, ನೀನು ಗಂಡಸಲ್ಲ ಹೋಗು. ಇಷ್ಟು ಅಚ್ಚುಕಟ್ಟಾದ ವಂಚನೆಯನ್ನು ನಾನು ಯಾವ ಚರ್ಚಾಕೂಟದಲ್ಲೂ ಕೇಳಿರಲಿಲ್ಲ. ನಮ್ಮ ಬಯಲಾಟದವರೂ ಹೆಂಗಸರನ್ನು ರಂಗದಿಂದ ದೂರ ಇಟ್ಟವರೇ, ಅದಕ್ಕೂ ನನ್ನ ಹತ್ತಿರ ಬೇರೆ ಭಾಷಣವಿದೆ. ಆದರೆ ಅವರು ಗಂಡಸಿಗೆ ಸೀರೆ ಉಡಿಸಿ ಸುಮ್ಮನಾದರು, ಚಾಕು ತರಲಿಲ್ಲ.

ಮಾವ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಿದ್ದ. ಒಳಗೆ ತುದಿ ಬಾಗಿದ ಸಣ್ಣ ಇಕ್ಕಳ, ಒಂದು ಕಿರುಗತ್ತಿ.

"ಇದು ಬೀಜ ಒಡಿಯೋದಲ್ಲೇನು?" ಅಂದ. ಟಗರಿಗೆ ಬೀಜ ಒಡೆಯುವುದು ಕುರಿ ಮನೆತನದವರಿಗೆ ಉಗುರು ಕತ್ತರಿಸಿದಷ್ಟು ಪರಿಚಯದ ಕೆಲಸ. "ಇಲ್ಲಿ ಯಾಕ ಇಟ್ಟಾರ? ಈ ಹಾಡವ ಕುರಿಯವನಾ?"

ನಾನು ಬಾಯಿ ತೆರೆಯುವ ಮೊದಲು ಲೂಚಿಯಾ ವಿವರಿಸತೊಡಗಿದಳು, ನಾನು ಕನ್ನಡಕ್ಕೆ ತರಲೇಬೇಕಾಯಿತು. ಹುಡುಗನ ತಂದೆ ಹೇಳಿಕೆ ಕೊಟ್ಟಿದ್ದನಂತೆ: ಮಗನಿಗೆ ಕಾಡುಹಂದಿ ಕಚ್ಚಿತು, ಜೀವ ಉಳಿಸಲು ವೈದ್ಯರು ತೆಗೆಯಬೇಕಾಯಿತು.

ಮಾವ ನಗಲಿಲ್ಲ. ವಿಷಯ ತಿಳಿದವನ ಗಾಂಭೀರ್ಯದಿಂದ ಹೇಳಿದ: "ಹಂದಿ ಹಾಯ್ದರ ತೊಡಿ ಹರೀತದ, ಕಿಬ್ಬೊಟ್ಟಿ ಹರೀತದ. ಅಷ್ಟ ಜಾಗಾ ಹುಡುಕಿ, ಎರಡೂ ಎಣಿಸಿ, ಅಕ್ಕಪಕ್ಕ ಒಂದು ಗೀರು ಬೀಳದಂಗ ಕಡದಿತ್ತಂದ್ರ ಅದು ಹಂದಿ ಅಲ್ಲ ಯವ್ವಾ, ಡಾಕ್ಟರು."

ನಾನು ಹಾಗೇ ಅನುವಾದಿಸಿದೆ. ಲೂಚಿಯಾ ಕೆಂಪಾದಳು.

"ಈ ಊರಾಗ ಹಂದಿ ಇವನೊಬ್ಬಗ ಕಡದಿತ್ತೋ, ಇನ್ನೂ ಯಾರಿಗಾರ ಕಡದಿತ್ತೋ?"

ಹಲವು ಹುಡುಗರಿಗೆ, ಅಂದಳು.

"ಎಲ್ಲಾರೂ ಹಾಡವರ?"

ಹೌದು.

"ಶಾಣ್ಯಾ ಹಂದಿ ಬಿಡು. ಸಂಗೀತ ತಿಳೀತಿತ್ತು ಅದಕ್ಕ." ಆಮೇಲೆ ಗಾಜಿಗೆ ಹತ್ತಿರ ಬಾಗಿ, ಬೇರೆಯೇ ದನಿಯಲ್ಲಿ ಕೇಳಿದ: "ಟಗರಮರಿ ಹಿಡಿಯಾಕ ಇಬ್ಬರು ಬೇಕು. ಈ ಕೂಸಿನ ಕಾಲು ಯಾರು ಹಿಡಿದಿದ್ರು ಅಂತ ಕೇಳು. ಅವನ ಅವ್ವ ಆವಾಗ ಎಲ್ಲಿದ್ದಳು?"

ಕೇಳಿದೆ. ಇದರ ದಾಖಲೆ ಇಲ್ಲ ಎಂದಳು ಲೂಚಿಯಾ. ಕಿತ್ತಳೆ ತಿಂದದ್ದಕ್ಕೆ ದಾಖಲೆ ಇದೆ, ಗುಡ್ಡಕ್ಕೆ ದಾಖಲೆ ಇದೆ, ಗರಿಯ ಉದ್ದಕ್ಕೂ ಇದೆ.

ಹೊರಡುವ ಬಾಗಿಲ ಹತ್ತಿರ ಹೊಸ ಚಿತ್ರವೊಂದು ತೂಗುತ್ತಿತ್ತು. ರೊಂದಿನೆಲ್ಲೊನ ಪಕ್ಕದಲ್ಲಿ, ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ, ಕಟ್ಟಿಗೆ ಕಿರೀಟದ ತಿಮ್ಮಪ್ಪ ಮಾವ.

"ಲೇ ಲೇ, ನನ್ನ ಫೋಟೋ!" ಮಾವನ ಮುಖ ಅರಳಿತು. ಲೂಚಿಯಾ ನನ್ನ ತೋಳು ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ಏನೋ ಪಿಸುಗುಟ್ಟಿದಳು.

"ಏನಂದಳು?" ಮಾವ ಕೇಳಿದ.

ಆಗ ನಾನು ಇನ್ನೊಂದು ಸುಳ್ಳು ಹೇಳಬಹುದಿತ್ತು. ತಯಾರಾಗಿಯೂ ಇತ್ತು. ಆದರೆ ಮಾವನ ನಗೆ ಆಗಲೇ ನಿಂತಿತ್ತು. ಅವನು ಫೋಟೋವನ್ನು ನೋಡಿದ, ಗಾಜಿನ ಪೆಟ್ಟಿಗೆಯನ್ನು ನೋಡಿದ, ನನ್ನನ್ನು ನೋಡಿದ.

"ನಿನಗೂ ಒತ್ತಾಯದಿಂದ ಮಾಡಿದರಾ ಅಂತ ಕೇಳಾಕತ್ತಾಳ," ಅಂದೆ.

ಮನೆಯ ಹಿಂದಿನ ಕಟ್ಟೆ

ಹಿತ್ತಲಲ್ಲಿ ಕಲ್ಲುಕಟ್ಟೆಯ ಮೇಲೆ ಕೂತು ನಾನು ಎಲ್ಲ ಹೇಳಿದೆ. ಮೂರು ಚೌಕ, ಐದು ಅಂಶ, ಪುಸ್ತಿಕೆ. ಮಾವ ಚೀಲದಿಂದ ರೊಟ್ಟಿ ತೆಗೆದಿದ್ದ, ತಿನ್ನಲಿಲ್ಲ. ಬಯ್ಯುತ್ತಾನೆ ಅಂದುಕೊಂಡೆ. ಬಯ್ದರೆ ಉತ್ತರ ಕೊಡಬಹುದು, ಉತ್ತರ ಕೊಡುವುದರಲ್ಲಿ ನಾನು ಗಟ್ಟಿ.

"ನಂದು ಬಿಡು ರೇಣವ್ವ," ಅಂದ. "ಸೀರಿ ಉಟ್ಟು ಕುಣಿಯವನಿಗೆ ಮಂದಿ ಏನೇನೋ ಅಂದಾರ, ನಲವತ್ತು ವರ್ಷ ಕೇಳೀನಿ. ನಿಮ್ಮ ಅತ್ತಿ ಹನುಮವ್ವ ಇಷ್ಟು ಮಕ್ಕಳನ್ನ ಹಡದಾಳ. ಅವು ಯಾರ್ವು ಅಂತ ಬರದೀ ಬೇ ಫಾರಮಿನ್ಯಾಗ?"

ಐದು ಅಂಶಗಳಲ್ಲಿ ಅತ್ತೆ ಇರಲಿಲ್ಲ. ಅವಳು ನನ್ನ ತಲೆಗೇ ಬಂದಿರಲಿಲ್ಲ.

ಅಷ್ಟರಲ್ಲೇ ಮಾವನ ದೊಡ್ಡ ಮಗ ಬೀರಪ್ಪನ ಫೋನು. ಉತ್ಸವದವರು ಫೋಟೋವನ್ನು ಇಂಟರ್ನೆಟ್ಟಿಗೂ ಹಾಕಿದ್ದರು. "ಅಪ್ಪನ ಫೋಟೋ ಎಲ್ಲಾರ ಮೊಬೈಲಿಗೂ ಬಂದದ. ಕೆಳಗ ಏನೋ ಬರದಾರಲ್ಲ, ಮಾನ್ವಿ ಹುಡುಗರು ಅದನ್ನ ಕನ್ನಡ ಮಾಡಿ ನಗಾಕತ್ತಾರ. ಅವ್ವ ಬೆಳಗ್ಗಿಂದ ಮನಿ ಬಿಟ್ಟು ಹೊರಗ ಬಂದಿಲ್ಲ. ಏನದು, ಹೇಳಬೇ?"

ಮಾವ ಫೋನು ಇಸಿದುಕೊಂಡ. "ನಾಳಿಗಿ ನನ್ನ ಆಟ ಅದ. ಮೊಬೈಲಿನ್ಯಾಗ ಕಾಣತದಂತ. ನಿಮ್ಮವ್ವಗ ನೋಡಾಕ ಹೇಳು," ಅಂದು ಕೊಟ್ಟುಬಿಟ್ಟ.

ನಿರ್ದೇಶಕರ ಕೋಣೆ

ಉತ್ಸವದ ನಿರ್ದೇಶಕರು ಬಿಳಿಗಡ್ಡದ, ಕೊರಳಿಗೆ ರೇಷ್ಮೆ ಬಟ್ಟೆ ಸುತ್ತಿದ ಮನುಷ್ಯ. ಕೂರಿಸಿದರು, ಕಾಫಿ ತರಿಸಿದರು, ಪೂರ್ತಿ ಕೇಳಿದರು. ಅರ್ಜಿಯಲ್ಲಿ ಬರೆದದ್ದು ಸುಳ್ಳು, ಮಾವ ಸಂಸಾರಸ್ಥ, ಅದು ತಾಲೀಮಿನಿಂದ ಬಂದ ದನಿ, ದಯವಿಟ್ಟು ಪುಸ್ತಿಕೆ ತಿದ್ದಿ, ಗೋಡೆಯ ಚಿತ್ರ ಇಳಿಸಿ ಎಂದೆ.

ಅವರು ಬಲು ಪ್ರೀತಿಯಿಂದ ನಕ್ಕರು. "ಇದರಿಂದ ಯಾರಿಗೆ ನೋವಾಗುತ್ತದೆ? ಜನ ಇದಕ್ಕಾಗಿಯೇ ಬಂದಿದ್ದಾರೆ. ಎಷ್ಟು ಸುಂದರವಾಗಿದೆ ಈ ಕಥೆ!"

"ಸುಳ್ಳಾದರೂ?"

"ರಂಗಭೂಮಿ, ಮಗು. ರಂಗಭೂಮಿ."

ನಾನು ಕೈ ಬೀಸಿ ಮಾತಾಡಿದೆ. ಮನುಷ್ಯನ ಮರ್ಯಾದೆ ಎಂದೆ, ನೀವು ಮುನ್ನೂರು ವರ್ಷದಿಂದ ಇದನ್ನೇ ಮಾಡುತ್ತ ಬಂದವರು ಎಂದೆ. ಅವರು ಕೇಳುತ್ತಲೇ ಕಡತದಿಂದ ಒಂದು ಹಾಳೆ ತೆಗೆದು ಓದತೊಡಗಿದರು. ನನ್ನ ಇಂಗ್ಲಿಷು. ಒಂದನೇ ಅಂಶ, ಎರಡನೇ ಅಂಶ. ಬಹಳ ಚೆನ್ನಾಗಿ ಬರೆದಿದ್ದೆ. ಎಲ್ಲಿ ಕಣ್ಣೀರು ಬರಬೇಕೋ ಅಲ್ಲಿ ಒಂದು ಅಲ್ಪವಿರಾಮ ಕೂಡ ಇಟ್ಟಿದ್ದೆ. ಐದನೆಯದನ್ನು ಓದಿ ಮುಗಿಸಿ ಹಾಳೆ ಮಡಚಿ, "ಇದನ್ನು ಬರೆದದ್ದು ನಾವಲ್ಲ," ಎಂದರು.

ಎದುರಾಳಿಯ ಮಾತನ್ನು ಅವನ ಬಾಯಿಗೇ ತಿರುಗಿಸುವುದು ನನ್ನ ಹಳೇ ಪಟ್ಟು. ಅದನ್ನು ನನ್ನ ಮೇಲೆ ಹಾಕಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ.

ಹೊರಗೆ ಬಂದು, ಆಟ ಬೇಡ ಮಾವ, ಇವತ್ತೇ ಹೊರಡೋಣ ಎಂದೆ.

"ಓಡಿ ಹೋದ್ರ ಖರೇ ಅಂತಾರ," ಅಂದ ಮಾವ. "ಸಾರಥಿ ಮಾತು ನಿನಗ ಬರತಾವಲ್ಲ?"

ಬಯಲಾಟ ನೋಡದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಹಾಡಲು ಶುರುಮಾಡುವುದಿಲ್ಲ. ಮೇಳದ ಸಾರಥಿ ಎದುರು ಹೋಗಿ, ನೀವು ಯಾರು, ನಿಮ್ಮ ಹೆಸರೇನು, ಯಾವ ದೇಶ ಎಂದು ಕೇಳಬೇಕು. ಪಾತ್ರ ಪಟ್ಟಾಗಿ ನಿಂತು ತನ್ನ ಕುಲ, ಊರು, ಪ್ರತಾಪ ಹೇಳಿಕೊಳ್ಳಬೇಕು. ಪಾತ್ರಕ್ಕೂ ಸಾರಥಿಯನ್ನು ಮರಳಿ ಪ್ರಶ್ನಿಸುವ ಹಕ್ಕುಂಟು. ಮೇಳದವರನ್ನೆಲ್ಲ ಕರೆತರಲಾಗದ ಕಾರಣ ಸಾರಥಿಯ ಕೆಲಸ ನನಗೇ ಎಂದು ಊರಲ್ಲೇ ಗೊತ್ತಾಗಿತ್ತು. "ಬರತಾವ," ಎಂದೆ.

ರಂಗ

ಮೂರನೇ ದಿನ ಸಂಜೆ ಐದಕ್ಕೆ ಆಟ. ಚಿನ್ನದ ಬಣ್ಣ ಬಳಿದ, ಗಾರೆಯ ದೇವಕನ್ಯೆಯರು ತೂಗುಬಿದ್ದ ಹಳೇ ರಂಗಮಂದಿರ. ಮೊದಲು ಒಂದು ಧ್ವನಿಮುದ್ರಿಕೆ ಹಾಕಿದರು. ರೊಂದಿನೆಲ್ಲೊನ ದನಿ ಯಾರಿಗೂ ಗೊತ್ತಿಲ್ಲದ್ದರಿಂದ, ಒಬ್ಬಳ ದನಿಯನ್ನೂ ಒಬ್ಬನ ದನಿಯನ್ನೂ ಕಂಪ್ಯೂಟರಿನಲ್ಲಿ ಕಲಸಿ ಅವನದೆಂದು ಕೇಳಿಸಿದರು. ಕಣ್ಣು ಮುಚ್ಚಿ ಕೇಳಿದರು ಎಲ್ಲರೂ. ನನಗದು ಫ್ರಿಜ್ಜು ಕೆಟ್ಟಾಗಿನ ಸದ್ದಿನಂತೆ ಕೇಳಿಸಿತು.

ಆಮೇಲೆ ಮಾವ ಬಂದ. ಹಸಿರು ಸೀರೆ, ಕಿರೀಟ, ಭುಜದ ಮೇಲೆ ಕನ್ನಡಿ ರೆಕ್ಕೆ. ದೀಪದ ಬೆಳಕು ಆ ಚೂರುಗಳಿಗೆ ಬಿದ್ದು ಮಾಡಿನ ತುಂಬ ಚುಕ್ಕಿ ಓಡಾಡಿದವು. ಎರಡು ಸುತ್ತು ಹೆಜ್ಜೆ ಹಾಕಿ ನಿಂತ. ನಾನು ತಾಳ ಹಿಡಿದು ಎದುರು ಹೋದೆ. ಲೂಚಿಯಾ ಮೈಕು ಹಿಡಿದು ಪಕ್ಕದಲ್ಲಿ.

"ಎಲೈ ತಾಯಿ! ತಾವು ಯಾರು? ತಮ್ಮ ನಾಮಧೇಯವೇನು? ತಾವು ಯಾವ ದೇಶದಿಂದ ಬಂದಿರಿ?"

ಪಟ್ಟದ ರಾಣಿ ತನ್ನ ರಾಜ್ಯದ ಹೆಸರು ಹೇಳಬೇಕಿತ್ತು. ಮಾವ ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದನ್ನು ಎತ್ತಿ, ನಲವತ್ತು ವರ್ಷದ ರಾಣಿಯ ಕೊರಳಲ್ಲಿ ಹೇಳಿದ:

"ಎಲೈ ಸಾರಥೀ! ನಾನು ಯಾರೆಂದು ಕೇಳುವೆಯಾದರೆ, ರಾಯಚೂರು ತಾಲೂಕಿನ ಗುಂಜಹಳ್ಳಿಯೆಂಬ ಗ್ರಾಮದೊಳಗೆ, ಕುರಿ ಕಾಯುವ ಭೀಮಪ್ಪನ ಮಗನಾಗಿ ಹುಟ್ಟಿ, ತಿಮ್ಮಪ್ಪನೆಂಬ ನಾಮಾಂಕಿತದಿಂದ ಮೆರೆಯುವವನು ನಾನೇ ಕಾಣೋ!"

ನಾನು ಇಂಗ್ಲಿಷಿಗೆ ತಂದೆ. ಲೂಚಿಯಾ ಒಂದು ಕ್ಷಣ ನನ್ನ ಮುಖ ನೋಡಿ ಇಟಾಲಿಯನ್ನಿಗೆ ತಂದಳು. ಸಭೆ ಸಂತೋಷದಿಂದ ತಲೆಯಾಡಿಸಿತು, ಇದೂ ಕಥೆಯೇ ಎಂದುಕೊಂಡು.

"ಚಂದ್ರಬಂಡದ ಹನುಮವ್ವನೆಂಬ ಸತಿಯ ಕೈಹಿಡಿದು, ಆಕೆಯ ಹೊಟ್ಟೆಯಲ್ಲಿ ಬೀರಪ್ಪ, ಮಲ್ಲಪ್ಪ, ಯಂಕಮ್ಮ, ಸಾಬವ್ವ ಎಂಬ ನಾಲ್ಕು ಮಕ್ಕಳನ್ನು ಪಡೆದ ಗಂಡಸು ಕೇಳು! ನನ್ನ ಮೈಯೊಳಗೆ ಹುಟ್ಟಿದಾಗ ಇದ್ದದ್ದೆಲ್ಲವೂ ಇದ್ದಲ್ಲಿಯೇ ಇರುವುದು ಕೇಳು! ಈ ಕೊರಳು ಗುರುವಿನ ಬೈಗುಳದಿಂದ ಬಂದದ್ದೇ ಹೊರತು ಕತ್ತಿಯಿಂದ ಬಂದದ್ದಲ್ಲ ಕೇಳು!"

ಅನುವಾದ ಮುಗಿದಾಗ ಎಲ್ಲೋ ಒಬ್ಬಳು ಕಿಸಕ್ಕನೆ ನಕ್ಕಳು. ಮೊದಲ ಸಾಲಿನ ಪಾದ್ರಿ ಪುಸ್ತಿಕೆ ತೆರೆದು ಮೂರನೇ ಪುಟ ಹುಡುಕಿದ. ನಿರ್ದೇಶಕರು ಪರದೆಯ ಮರೆಯಿಂದ ಕೈಸನ್ನೆ ಮಾಡುತ್ತಿದ್ದರು, ಹಾಡಲಿ, ಹಾಡಲಿ ಎಂದು. ಮಾವನಿಗೆ ಇನ್ನೂ ಪ್ರಶ್ನೆಯಿತ್ತು.

"ಎಲೈ ಸಾರಥೀ! ಈ ಪಟ್ಟಣದ ಪ್ರಜೆಗಳು ನನ್ನನ್ನು ಬೀಜ ಒಡೆಸಿಕೊಂಡವನೆಂದು ನಂಬಿರುವರಲ್ಲಾ, ಅದನ್ನು ಬರೆದವರಾರು?"

ಪ್ರಶ್ನೆಯನ್ನು ಮೊದಲು ಅನುವಾದಿಸಬೇಕಿತ್ತು, ಅನುವಾದಿಸಿದೆ. ಉತ್ತರವನ್ನು ಸಾರಥಿಯ ಭಾಷೆಯಲ್ಲಿ ಹೇಳಲು ಹೋದೆ, ಬಾಯಿಗೆ ಬಂದದ್ದು ಮನೆಯ ಮಾತು. "ನಾನ ಬರದಿದ್ದು, ಮಾವ. ಸುಳ್ಳು ಬರದಿದ್ದೆ."

ಮಾವನೂ ರಾಣಿಯ ದನಿ ಬಿಟ್ಟ. "ಯಾಕ ಬರದಿ?"

"ಗೆಲ್ಲಾಕ."

"ಹೂಂ. ಅದನ್ನೂ ಹೇಳು ಅವರಿಗೆ."

ಹೇಳಿದೆ. ಲೂಚಿಯಾ ಅದನ್ನು ಎರಡೇ ಪದಗಳಲ್ಲಿ, ಬೇಕಾದದ್ದಕ್ಕಿಂತ ಗಟ್ಟಿಯಾಗಿ ಹೇಳಿದಳು. ಮಾವ ಸೆರಗು ಸರಿಪಡಿಸಿಕೊಂಡು ಹಾಡಲು ಶುರುಮಾಡಿದ. ಹತ್ತು ನಿಮಿಷ ಕೊಟ್ಟಿದ್ದರು. ಬಯಲಾಟದವನಿಗೆ ಹತ್ತು ನಿಮಿಷವೆಂದರೆ ಕೆಮ್ಮುವುದಕ್ಕೂ ಸಾಲದು. ಮುಕ್ಕಾಲು ಗಂಟೆ ಹಾಡಿದ. ನಡುವೆ ಹತ್ತಿಪ್ಪತ್ತು ಜನ ಎದ್ದು ಹೋದರು, ಕಸ್ತ್ರಾತೊ ಅಲ್ಲದವನ ಹಾಡು ಅವರಿಗೆ ಅಷ್ಟು ಬೇಗ ಸಪ್ಪೆಯಾಯಿತು. ಉಳಿದವರು ಕೂತಿದ್ದರು.

ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಅತ್ತೆಯ ಫೋನು ಬಂತು. ಮಾವನ ಕೈಯೆಲ್ಲ ಎಣ್ಣೆಯಾದ್ದರಿಂದ ಸ್ಪೀಕರಿಗೆ ಹಾಕಿದೆ.

"ನೋಡಿದೇನು?" ಮಾವ ಕೇಳಿದ.

"ನೋಡೀನಿ. ಓಣಿ ಮಂದಿ ಎಲ್ಲಾ ನೋಡ್ಯಾರ." ಅತ್ತೆಯ ದನಿಯಲ್ಲಿ ಸಮಾಧಾನವಿರಲಿಲ್ಲ. "ನಾಲ್ಕು ಅಂತ ಯಾಕ ಅಂದಿ? ಐದು ಹಡದೀನಿ. ಜ್ವರ ಬಂದು ತೀರಿಹೋದವನ ಹೆಸರು ಯಾಕ ಬಿಟ್ಟಿ?"

ಮಾವ ಅರಿವೆಯನ್ನು ಮುಖದಿಂದ ಇಳಿಸಿದ. ಒಂದು ಗಲ್ಲದಲ್ಲಿ ರಾಣಿಯ ಕೆಂಪು ಇನ್ನೂ ಉಳಿದಿತ್ತು.

"ಮರತಿಲ್ಲ," ಅಂದ. "ಈ ಊರಿನ ಮಂದಿ ಕಿವಿಗೆ ಸಣ್ಣ ಹುಡುಗನ ಹೆಸರು ಹಾಕಾಕ ಮನಸ್ಸಾಗಲಿಲ್ಲ, ಹನುಮವ್ವ."